ಹಿಡಿಯದ ಮಾತು

ಮುರಿಗೆಮ್ಮನ ಮಾತು ಹುಸಿಹೋದದ್ದನ್ನು ಮೊದಲು ನೋಡಿದವಳು ನಾನು. ಆವತ್ತು ಬೆಳಿಗ್ಗೆ, ನಮ್ಮ ಪಕ್ಕದಲ್ಲೇ ಇರುವ ಅವಳ ಮನೆಯ ಹಿತ್ತಿಲಲ್ಲಿ ಗೋಡೆ ಎಬ್ಬಿಸುವ ಕೆಲಸ ನಡೆಯುತ್ತಿತ್ತು. ನಮ್ಮಪ್ಪ ಹಾಲಪ್ಪ ಕೆಲಸಕ್ಕೆ ಹೊರಟವನು ಅಲ್ಲಿ ನಿಂತು, ಗಾರೆಯವನ ಕೈಯಿಂದ ಅಳತೆಯ ದಾರ ಕಿತ್ತುಕೊಂಡು, ಗೋಡೆ ನಮ್ಮ ಕಡೆಗೆ ಸರಿದು ಬರುತ್ತಿದೆಯೆಂದು ಕೂಗಾಡಿದ. ಗೋಡೆ ಸರಿದಿರಲಿಲ್ಲ. ಮುರಿಗೆಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದಳು. ಅವಸರ ಮಾಡಲಿಲ್ಲ. ಸ್ವಲ್ಪ ಯೋಚಿಸಿ, ಅಪ್ಪನ ಬೆನ್ನಿಗೆ ನಿಂತು, "ಹಾಲಪ್ಪ, ನನ್ನ ಕೆಲ್ಸಕ್ಕೆ ಅಡ್ಡಗಾಲು ಹಾಕ್ಬೇಡ" ಎಂದಳು.

ಸರಿಯಾದ ಮಾತೇ ಅದು. ಅಪ್ಪನ ಕಾಲು ಮಂಡಿಯಿಂದ ಕೆಳಗೆ ಮರಗಟ್ಟಬೇಕಿತ್ತು. ಅವನು ದಾರವನ್ನು ಬಿಸಾಡಿ, ಎರಡೂ ಕಾಲು ಸರಸರ ಹಾಕುತ್ತಾ ಗುಡ್ಡದ ಅಂಚಿನ ಕಡೆ ಹೊರಟುಹೋದ. ಮುರಿಗೆಮ್ಮ ಅವನ ಕಾಲುಗಳನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ದಾಕ್ಷೀ, ನಾನು ಏನಂದೆ? ಅಡ್ಡಗಾಲು ಅಂತ ತಾನೆ ಅಂದಿದ್ದು?"

ನಮ್ಮೂರಲ್ಲಿ ಬೇಡದ ಕಡೆ ಬಂದವರನ್ನು ಮಾತು ಹಿಡಿಯುತ್ತದೆ. ಎಂಥ ಮಾತಾದರೂ ಹಿಡಿಯುವುದಿಲ್ಲ, ಆ ಹೊತ್ತಿಗೆ ತಕ್ಕದ್ದೇ ಆಗಬೇಕು. ನೆರೆಮನೆಯ ಸಂಗತಿ ತಿಳಿಯಲು ಬಂದವಳಿಗೆ "ಮೂಗು ತೂರಿಸಬೇಡ" ಎಂದರೆ ಅವಳ ಮೂಗು ಕಟ್ಟುತ್ತದೆ. ಹೇಳಿದವರು "ಬಿಟ್ಟೆ" ಎನ್ನುವವರೆಗೆ ಅವಳಿಗೆ ಮಲ್ಲಿಗೆಯೂ ಒಂದೇ, ಒಲೆಯ ಬೂದಿಯೂ ಒಂದೇ. ಅವಳಿಗೇ "ತಲೆ ಹಾಕಬೇಡ" ಎಂದರೆ ಏನೂ ಆಗುವುದಿಲ್ಲ, ಏಕೆಂದರೆ ಅವಳು ಬಂದದ್ದು ತಿಳಿದುಕೊಳ್ಳಲಿಕ್ಕೆ, ತೀರ್ಮಾನ ಹೇಳಲಿಕ್ಕಲ್ಲ. ಕೇಳದಿದ್ದರೂ ಮಾತಿನ ನಡುವೆ ನುಗ್ಗಿದವರಿಗೆ "ಬಾಯಿ ಹಾಕಬೇಡ" ಎನ್ನಬೇಕು. ಇಬ್ಬರ ಮನಸ್ಸು ಕೆಡಿಸಲು ಬಂದವರಿಗೆ "ಹುಳಿ ಹಿಂಡಬೇಡ" ಎಂದರೆ ಅವರ ನಾಲಿಗೆಯ ಮೇಲೆ ಹುಣಸೆಯ ರುಚಿ ನಿಂತುಬಿಡುತ್ತದೆ, ಬೆಲ್ಲ ಕಚ್ಚಿದರೂ ಹೋಗದು. ಯಾರೂ ಹೊರಿಸದ ಹೊರೆಯನ್ನು ತಾನೇ ಹೊತ್ತುಕೊಂಡು ಓಡಾಡುವವನಿಗೆ "ನಿನಗ್ಯಾಕೆ ಉಸಾಬರಿ" ಎಂದರೆ ಭುಜ ಜಗ್ಗುತ್ತದೆ. ತನ್ನ ಮಟ್ಟ ಮೀರಿ ಮಾತಾಡಿದವರಿಗೆ "ಅಧಿಕಪ್ರಸಂಗ" ಎಂದರೆ ಬಿಕ್ಕಳಿಕೆ ಹತ್ತುತ್ತದೆ. ಒಮ್ಮೆ ಹೊರಗಿನಿಂದ ಬಂದ ಅಧಿಕಾರಿಯೊಬ್ಬರು ನಮ್ಮ ಊರಿನ ಯಜಮಾನರಿಗೆ, "ಇದು ಹಸ್ತಕ್ಷೇಪ" ಎಂದರು. ನಾವೆಲ್ಲ ಯಜಮಾನರ ಕೈ ನೋಡಿದೆವು. ಅವರು ಅದೇ ಕೈಯಿಂದ ನಿಧಾನವಾಗಿ ಎಲೆಗೆ ಸುಣ್ಣ ಸವರಿದರು.

ಹೀಗಾಗಿ ನಮ್ಮವರಿಗೆ ಸಿಟ್ಟು ಬಂದರೆ ಮೊದಲು ಸುಮ್ಮನಾಗುತ್ತಾರೆ. ಮಾತು ಹುಡುಕುತ್ತಾರೆ. ಹೊಸ ಸೊಸೆಯರು ಬಂದ ಹೊಸದರಲ್ಲಿ ಪ್ರಶ್ನೆಯನ್ನೇ ಕೇಳುವುದಿಲ್ಲ. ಇನ್ನೊಬ್ಬರ ಮನೆಯಲ್ಲಿ ಹೊಗೆ ಎದ್ದರೂ, ಅದು ಅಡುಗೆಯದೋ ಬೆಂಕಿ ಬಿದ್ದದ್ದೋ ಎಂದು ಎರಡು ಸಲ ಯೋಚಿಸಿ ಬಾಗಿಲು ತಟ್ಟುತ್ತಾರೆ. ಜಗಳದಲ್ಲಿ ಒಬ್ಬರ ಮಾತು ಇನ್ನೊಬ್ಬರನ್ನು ಹಿಡಿಯಿತೆಂದರೆ ನ್ಯಾಯ ಅಲ್ಲಿಗೇ ಮುಗಿಯಿತು. ಸಾಕ್ಷಿ ಕೇಳುವ ಪದ್ಧತಿಯಿಲ್ಲ.

ಅಪ್ಪನದು ರಾಟೆಯ ಕೆಲಸ. ಊರು ಎರಡು ಗುಡ್ಡಗಳ ಮೇಲಿದೆ, ನಡುವೆ ಆಳವಾದ ಕೊರಕಲು. ಈಚೆಯಿಂದ ಆಚೆಗೆ ಕಟ್ಟಿದ ದಪ್ಪ ಹಗ್ಗಗಳಿಗೆ ಬೆತ್ತದ ದೊಡ್ಡ ಬುಟ್ಟಿಯೊಂದನ್ನು ತೂಗುಹಾಕಿದ್ದಾರೆ. ಅದನ್ನು ತೊಟ್ಟಿಲು ಎನ್ನುತ್ತೇವೆ. ಜನ, ತರಕಾರಿ, ಕುರಿಮೇಕೆ ಎಲ್ಲವೂ ಅದರಲ್ಲೇ ದಾಟಬೇಕು. ಈಚೆ ದಡದಲ್ಲಿ ರಾಟೆ. ಅದರ ಹಿಡಿಕೆ ತಿರುಗಿಸಿದರೆ ತೊಟ್ಟಿಲು ಆಚೆಗೆ ಹೋಗುತ್ತದೆ. ಆಚೆಯ ಕಟ್ಟೆ ಮಾತ್ರ ಇಲ್ಲಿಗೆ ಕಾಣುವುದಿಲ್ಲ, ಮುಂದೆ ಚಾಚಿಕೊಂಡ ಬಂಡೆ ಅದನ್ನು ಮರೆಮಾಡಿದೆ. ಅದಕ್ಕಾಗಿ ಅಲ್ಲಿ ಸಣ್ಣೀರಪ್ಪ ಎಂಬವನು ಗಂಟೆಯ ಪಕ್ಕ ನಿಂತಿರುತ್ತಾನೆ. ತೊಟ್ಟಿಲು ಕಟ್ಟೆಗೆ ತಾಗುವ ಹೊತ್ತಿಗೆ ಗಂಟೆ ಬಾರಿಸುತ್ತಾನೆ. ಗಂಟೆ ಕೇಳಿದ ಕೂಡಲೇ ರಾಟೆ ನಿಲ್ಲಬೇಕು. ನಿಲ್ಲದಿದ್ದರೆ ತೊಟ್ಟಿಲು ಆಚೆಯ ತೊಲೆಗೆ ಬಡಿಯುತ್ತದೆ. ಅಪ್ಪನ ಕಾಲದಲ್ಲಿ ಅದು ಒಂದು ಸಲವೂ ಬಡಿದಿರಲಿಲ್ಲ. ಅವನ ಅಪ್ಪನ ಕಾಲದಲ್ಲೂ ಬಡಿದಿರಲಿಲ್ಲ ಎಂದು ಅವನು ಹೇಳುತ್ತಿದ್ದ.

ಹಿಂದಿನ ಬೇಸಿಗೆಯಿಂದ ಅಪ್ಪನ ಕಿವಿ ಮಂದವಾಗುತ್ತಾ ಬಂದಿತ್ತು. ಸಾರು ಬಡಿಸಲೇ ಎಂದರೆ "ನಾಳೆ ನೋಡೋಣ" ಎನ್ನುತ್ತಿದ್ದ. ಯಾರೋ ಬಾಗಿಲಲ್ಲಿ ಕೂಗಿದರೆ ನನ್ನ ಮುಖ ನೋಡುತ್ತಿದ್ದ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ನನಗೆ ಬೇಸರ ಬಂದಿತ್ತು. ಒಂದು ದಿನ ಊಟಕ್ಕೆ ಕೂತಾಗ ಗಟ್ಟಿಯಾಗಿಯೇ ಅಂದೆ: "ಕಿವಿ ಯಾರಿಗಾದ್ರೂ ತೋರ್ಸಪ್ಪಾ. ರಾಟೆಯೋನಿಗೆ ಕಿವಿ ಇಲ್ದಿದ್ರೆ ಹೆಂಗೆ?" ಆಗಿನ್ನೂ ಅಷ್ಟು ಅವನಿಗೆ ಕೇಳುತ್ತಿತ್ತು. ಅವನು ತುತ್ತು ಕೆಳಗಿಟ್ಟ. "ನನ್ನ ಕಿವಿ ವಿಷಯಕ್ಕೆ ನೀನು ಬಾಯಿ ಹಾಕ್ಬೇಡ" ಎಂದ.

ಹಿಡಿಯಿತು. ಅಂದಿನಿಂದ ಅಪ್ಪನ ಕಿವಿಯ ಮಾತೆತ್ತಲು ಹೋದರೆ ನನ್ನ ತುಟಿಗಳು ಹೊಲಿದ ಹಾಗೆ ಕೂಡಿಕೊಳ್ಳುತ್ತಿದ್ದವು. ಉಳಿದದ್ದೆಲ್ಲ ಮಾತಾಡಬಹುದಿತ್ತು. ಮೊದಮೊದಲು ನಾನು ಒಬ್ಬಳೇ ಇರುವಾಗ ಪರೀಕ್ಷೆ ಮಾಡಿ ನೋಡುತ್ತಿದ್ದೆ. "ಅಪ್ಪನ ಕೈ" ಎನ್ನಬಹುದು, "ಅಪ್ಪನ ಮೂಗು" ಎನ್ನಬಹುದು. "ಅಪ್ಪನ ಕಿ" ಎನ್ನುವಲ್ಲಿಗೆ ಮುಗಿಯಿತು. ಮೋರಿಯಲ್ಲಿ ಕಸ ಸಿಕ್ಕಿಕೊಂಡ ಹಾಗೆ.

ಆದರೂ ಕೆಲಸ ನಡೆಯುತ್ತಿತ್ತು. ಅಪ್ಪ ಬಲಗೈಯಿಂದ ಹಿಡಿಕೆ ತಿರುಗಿಸುವಾಗ ಎಡಗೈಯನ್ನು ಹಗ್ಗದ ಮೇಲೆ ಇಟ್ಟುಕೊಳ್ಳಲು ಶುರುಮಾಡಿದ. ತೊಟ್ಟಿಲು ಕಟ್ಟೆಯ ಹತ್ತಿರ ಬಂದಾಗ ಹಗ್ಗದ ನಡುಕ ಬೇರೆಯಾಗುತ್ತಿತ್ತಂತೆ. ಅದು ಅಂಗೈಗೆ ತಿಳಿಯುತ್ತಿತ್ತು. ನಾನು ಬುತ್ತಿ ಕೊಡುವ ನೆಪದಲ್ಲಿ ಹೋಗಿ ಅಲ್ಲೇ ಕೂರುತ್ತಿದ್ದೆ. ಗಂಟೆ ಬಾರಿಸಿದಾಗ ಸುಮ್ಮನೆ ಎದ್ದು ನಿಲ್ಲುತ್ತಿದ್ದೆ. ಅವನು ನಾನು ಎದ್ದದ್ದನ್ನು ಕಣ್ಣಂಚಿನಲ್ಲಿ ನೋಡಿ ಹಿಡಿಕೆ ನಿಲ್ಲಿಸುತ್ತಿದ್ದ.

ಆಚೆ ಗುಡ್ಡದ ಚಂದ್ರಮೌಳಿಯ ಪರಿಚಯ ನನಗೆ ಆದದ್ದು ಅಲ್ಲಿ ಕೂತು. ಅವನು ನಮ್ಮ ಕಡೆಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಬೆಳಿಗ್ಗೆ ಬರುತ್ತಿದ್ದ, ಸಂಜೆ ಹೋಗುತ್ತಿದ್ದ. ಕೈಯಲ್ಲಿ ಔಷಧಿಯ ತಗಡಿನ ಪೆಟ್ಟಿಗೆ, ಬಟ್ಟೆಯ ಮೇಲೆ ಯಾವಾಗಲೂ ಮೇಕೆಯ ಕೂದಲು. ತೊಟ್ಟಿಲು ಬರುವವರೆಗೆ ಯಾವ ಹಸುವಿಗೆ ಏನಾಯಿತು ಎಂದು ಹೇಳುತ್ತಿದ್ದ. ತನ್ನ ವಿಷಯ ಹೇಳುತ್ತಿರಲಿಲ್ಲ, ನನ್ನ ವಿಷಯ ಕೇಳುತ್ತಿರಲಿಲ್ಲ. ಅವನೂ ನಮ್ಮೂರಿನವನೇ ಅಲ್ಲವೇ.

ಗೋಡೆಯ ಜಗಳವಾದ ಮೇಲೆ ಮುರಿಗೆಮ್ಮ ಸುಮ್ಮನೆ ಕೂರಲಿಲ್ಲ. ಅವಳ ಮಾತು ಎಂದೂ ತಪ್ಪಿದ್ದಿಲ್ಲ. ಗಾರೆಯವನ ಮೇಲೆ ಒಂದು ಸಲ ಪ್ರಯೋಗ ಮಾಡಿ ನೋಡಿದಳು, ಅವನಿಗೆ ಕಾಲು ಹಿಡಿಯಿತು. ತಕ್ಷಣ "ಬಿಟ್ಟೆ" ಎಂದು ಅವನಿಗೆ ಮಜ್ಜಿಗೆ ಕೊಟ್ಟಳು. ಆಮೇಲೆ ನಮ್ಮ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತಳು.

"ಮಾತು ಸರಿ ಇದೆ. ನಾನೂ ಸರಿ ಇದೀನಿ. ಅಂದ್ಮೇಲೆ ನಿಮ್ಮಪ್ಪಂಗೆ ಏನಾಗಿದೆ?"

ನಾನು ಉತ್ತರ ಹೇಳಲು ಹೋದೆ. ತುಟಿ ಕೂಡಿಕೊಂಡಿತು. ಮುರಿಗೆಮ್ಮ ಮುಂದಕ್ಕೆ ಬಾಗಿ ನನ್ನ ಬಾಯಿಯನ್ನು, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ನೋಡಿದಳು.

"ಬಾಯಿಗೆ ಮಾತು ಬಿದ್ದಿದೆ ನಿಂಗೆ! ನಿಮ್ಮಪ್ಪಂದೇ ತಾನೆ?" ಬೆರಳು ಮಡಚಿ ಲೆಕ್ಕ ಹಾಕಿದಳು. "ಮಾತು ಹಿಡೀಬೇಕಾದ್ರೆ ಕೇಳಿಸ್ಬೇಕು. ಅವನಿಗೆ ಹಿಡೀಲಿಲ್ಲ. ಅಂದ್ರೆ ಕೇಳಿಸ್ಲಿಲ್ಲ. ಹಾಲಪ್ಪಂಗೆ ಕಿವಿ ಹೋಗಿದೆ! ಹೌದಾ, ಅಲ್ವಾ?"

ತಲೆಯಾಡಿಸಬಹುದಿತ್ತು, ಕುತ್ತಿಗೆಗೇನೂ ಮಾತು ಬಿದ್ದಿರಲಿಲ್ಲ. ಅಪ್ಪನ ಬೆನ್ನ ಹಿಂದೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಸುಮ್ಮನೆ ನೋಡುತ್ತಾ ಕೂತೆ. ಅವಳಿಗೆ ಅಷ್ಟು ಸಾಕಾಯಿತು.

ಆ ಸಂಜೆಯೇ ಮುರಿಗೆಮ್ಮ ರಾಟೆಯ ಹತ್ತಿರ ಹೋಗಿ, ಜನ ಸೇರಿದ್ದಾಗ, ಯಜಮಾನರ ಎದುರಿಗೆ ಹೇಳಿದಳು: "ಈ ಹಾಲಪ್ಪಂಗೆ ಕಿವಿ ಕೇಳಲ್ಲ. ಇವನ ಕೈಗೆ ಜೀವ ಕೊಟ್ಟು ಕೊರಕಲು ದಾಟ್ತಾ ಇದೀರಿ ನೀವೆಲ್ಲ." ಹೇಳುವಾಗ ಅವಳ ಮುಖ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು. ಅಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಅರ್ಥವಾಗಿರಬೇಕು. ಮೊದಲು, "ನನ್ನ ವಿಷಯಕ್ಕೆ ಮೂಗು ತೂರಿಸ್ಬೇಡ" ಎಂದ. ಅವಳ ಮೂಗು ಕಟ್ಟಿತು. ಆಮೇಲೆ, "ಊರಿಗೂ ನನಗೂ ನಡುವೆ ಹುಳಿ ಹಿಂಡ್ಬೇಡ" ಎಂದ. ಅವಳು ಮುಖ ಹಿಂಡಿಕೊಂಡು ಥೂ ಥೂ ಎಂದು ಉಗುಳಿದಳು.

ಎರಡೂ ಹಿಡಿದವು. ಯಜಮಾನರು, "ಗೋಡೆ ಜಗಳ ಇನ್ನೂ ಹೊಟ್ಟೆಯೊಳಗಿದೆ ನೋಡಮ್ಮ ನಿಂಗೆ" ಎಂದು ಎದ್ದುಹೋದರು. ಮುರಿಗೆಮ್ಮ ಹೇಳಿದ್ದು ನಿಜವೇ ಆಗಿತ್ತು. ಆದರೆ ಮಾತು ನಿಜವನ್ನೂ ಸುಳ್ಳನ್ನೂ ನೋಡುವುದಿಲ್ಲ. ಬಂದವರ ಮನಸ್ಸನ್ನು ನೋಡುತ್ತದೆ. ಅವಳು ಬಂದದ್ದು ಗೆಲ್ಲುವುದಕ್ಕೆ.

ಮಳೆ ಬಿದ್ದ ಮಾರನೆಯ ದಿನ ತೊಟ್ಟಿಲು ಬಡಿಯಿತು.

ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ಬಿಸಿಲು ಬಂದಿತ್ತು. ಹಗ್ಗ ನೀರು ಕುಡಿದು ಹಿಗ್ಗಿತ್ತು. ಹಿಗ್ಗಿದ ಹಗ್ಗದ ನಡುಕ ಅಪ್ಪನ ಅಂಗೈಗೆ ಗುರುತು ಸಿಗಲಿಲ್ಲವೆಂದು ಕಾಣುತ್ತದೆ. ಸಂಜೆ ಚಂದ್ರಮೌಳಿ ಎರಡು ಮೇಕೆಗಳನ್ನು ಹತ್ತಿಸಿಕೊಂಡು ಆಚೆಗೆ ಹೊರಟಿದ್ದ. ಆವತ್ತು ನಾನು ತಡವಾಗಿ ಹೊರಟು ಇನ್ನೂ ದಾರಿಯಲ್ಲಿದ್ದೆ. ಗಂಟೆ ಬಾರಿಸಿತು. ರಾಟೆಯ ಕಿರುಗುಟ್ಟುವಿಕೆ ನಿಲ್ಲಲಿಲ್ಲ. ಮತ್ತೆ ಗಂಟೆ, ಈಗ ಅವಸರದಲ್ಲಿ, ಬಿಡದೆ ಬಾರಿಸಿತು. ನಾನು ಬುತ್ತಿ ಎಸೆದು ಓಡಿದೆ. "ಗಂಟೆ" ಎಂದು ಕೂಗಬೇಕು. ಕೂಗಿದ್ದರೂ ಅಪ್ಪನಿಗೆ ಕೇಳುತ್ತಿರಲಿಲ್ಲ, ಆದರೂ ಕೂಗಬೇಕು. ಬಾಯಿ ತೆರೆಯಲಿಲ್ಲ. ನಾನು ಮುಟ್ಟುವಷ್ಟರಲ್ಲಿ ಆಚೆಯಿಂದ ಮರ ಸೀಳಿದ ಸದ್ದು ಬಂತು, ಹಗ್ಗ ಒಮ್ಮೆ ಜಿಗಿಯಿತು, ಅಪ್ಪ ಬೆಚ್ಚಿ ಹಿಡಿಕೆ ಬಿಟ್ಟ.

ಯಾರೂ ಸಾಯಲಿಲ್ಲ. ತೊಟ್ಟಿಲು ವಾಲಿಕೊಂಡಾಗ ಚಂದ್ರಮೌಳಿ ಒಂದು ಕೈಯಲ್ಲಿ ಹಗ್ಗವನ್ನೂ ಇನ್ನೊಂದರಲ್ಲಿ ಮೇಕೆಗಳ ಕೊರಳ ಹುರಿಯನ್ನೂ ಹಿಡಿದುಕೊಂಡಿದ್ದ. ಅವನ ಭುಜ ಕಳಚಿತು. ತಗಡಿನ ಪೆಟ್ಟಿಗೆ ಕೊರಕಲಿಗೆ ಬಿದ್ದು ಬಹಳ ಹೊತ್ತು ಸದ್ದು ಮಾಡುತ್ತಾ ಹೋಯಿತು. ವಾಲಿದ ತೊಟ್ಟಿಲನ್ನು ಮೆಲ್ಲಗೆ ಈಚೆಗೇ ಎಳೆದು ಅವನನ್ನು ಇಳಿಸಿಕೊಂಡೆವು.

ಮಾರನೆಯ ದಿನ ಯಜಮಾನರು ರಾಟೆಯ ಹತ್ತಿರ ನಿಂತು ವಿಚಾರಿಸಿದರು. ಸಣ್ಣೀರಪ್ಪ ಆಚೆಯ ಬಂಡೆಯ ಮೇಲೆ ನಿಂತು, ಗಂಟೆ ಬಾರಿಸಿದೆ ಎಂದು ಕೂಗಿ ಹೇಳಿದ. ಅಪ್ಪ ಸುಳ್ಳು ಹೇಳಲಿಲ್ಲ. "ನನಗೆ ಗಂಟೆ ಕೇಳ್ಲಿಲ್ಲ" ಎಂದ, ಅಷ್ಟೇ. ಚಂದ್ರಮೌಳಿಯನ್ನು ಕೇಳಿದರು. ಅವನು ಕೈಯನ್ನು ಕೊರಳಿಗೆ ಕಟ್ಟಿಕೊಂಡು, "ಮೇಕೆಗಳು ಅರಚ್ಕೋತಿದ್ವು. ಕೇಳಿಸ್ತು ಅಂತ ಆಣೆ ಮಾಡಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದ. ಸಣ್ಣೀರಪ್ಪ ಮೆದು ಸ್ವಭಾವದವನು, ತಕ್ಕ ಮಾತು ಹುಡುಕಿ ಯಾರನ್ನೂ ಹಿಡಿದವನಲ್ಲ. "ಬಾರಿಸಿದ್ನಲ್ಲಾ" ಎಂದು ಮತ್ತೊಮ್ಮೆ ಕೂಗಿದ, ಅಷ್ಟೇ. ಅವನು ಗಂಟೆ ಬಾರಿಸಿಯೇ ಇಲ್ಲವೆಂದು, ಆ ಕೆಲಸದಿಂದ ಅವನನ್ನು ಬಿಡಿಸುವುದೆಂದು ತೀರ್ಮಾನವಾಯಿತು. ಗಂಟೆಯ ಪಕ್ಕದ ಸಣ್ಣ ಮನೆಯನ್ನೂ ಅವನು ಖಾಲಿ ಮಾಡಬೇಕು.

ನಾನು ಯಜಮಾನರ ಮನೆಗೆ ಹೋದೆ. ಗಂಟೆ ಬಾರಿಸಿದ್ದನ್ನು ನಾನು ಕೇಳಿದ್ದೆ, ಆದರೆ ಅದನ್ನು ಹೇಳಹೊರಟರೆ ಅಪ್ಪನ ಕಿವಿಯ ಮಾತು ಬಂದೇ ಬರುತ್ತಿತ್ತು. ಬಾಯಿ ಅದನ್ನು ಮೊದಲೇ ತಿಳಿದು ಮುಚ್ಚಿಕೊಂಡಿತು. ಈ ಸಲ ನಾಚಿಕೆ ಬಿಟ್ಟು ನನ್ನ ಕಿವಿ ಮುಟ್ಟಿ ತೋರಿಸಿದೆ. ಆಚೆಯ ಗುಡ್ಡ ತೋರಿಸಿದೆ. ಯಜಮಾನರು ಮುಖ ತಿರುಗಿಸಿದರು.

"ನಿನ್ನ ಬಾಯಿಗೆ ಮಾತು ಬಿದ್ದಿದೆ ಅಂದ್ರೆ ನೀನು ಎಲ್ಲೋ ಬೇಡದ್ದಕ್ಕೆ ಬಾಯಿ ಹಾಕಿದೀಯ. ಬಾಯಲ್ಲಿ ಆಗದ್ದನ್ನ ಕೈಯಲ್ಲಿ ಹೇಳ್ಬೇಡ, ತಾಯಿ. ಅದು ಮರ್ಯಾದೆ ಅಲ್ಲ."

ತೊಲೆ ಸರಿಮಾಡಿ, ತೊಟ್ಟಿಲಿಗೆ ಹೊಸ ಬೆತ್ತ ಹೆಣೆದ ಮೇಲೆ, ಸಣ್ಣೀರಪ್ಪನಿಂದ ಗಂಟೆ ಬಿಡಿಸಿಕೊಳ್ಳಲು ಯಜಮಾನರೇ ಆಚೆಗೆ ಹೊರಟರು. ಜೊತೆಗೆ ಮನೆಗೆ ಹೋಗಲು ಚಂದ್ರಮೌಳಿ. ನೋಡಲು ಅರ್ಧ ಊರು ಸೇರಿತ್ತು. ಮುರಿಗೆಮ್ಮ ಬಾಯಲ್ಲಿ ಬೆಲ್ಲದ ಚೂರಿಟ್ಟುಕೊಂಡು, ಅದರಿಂದ ಪ್ರಯೋಜನವಿಲ್ಲದೆ, ಹಿಂದೆ ನಿಂತಿದ್ದಳು. ಹಿಂದಿನ ದಿನ ಮತ್ತೆ ಮಳೆ ಬಂದಿತ್ತು. ಹಗ್ಗದಿಂದ ಹನಿ ತೊಟ್ಟಿಕ್ಕುತ್ತಿತ್ತು. ಇಬ್ಬರೂ ತೊಟ್ಟಿಲು ಹತ್ತಿದರು. ಅಪ್ಪ ಎಡಗೈಯನ್ನು ಆ ಒದ್ದೆ ಹಗ್ಗದ ಮೇಲಿಟ್ಟು ಹಿಡಿಕೆಗೆ ಕೈ ಹಾಕಿದ. ಅವನ ಎಡಗೈ ನಡುಗುತ್ತಿದ್ದುದನ್ನು ನಾನು ನೋಡಿದೆ. ಅದು ಹಗ್ಗದ ನಡುಕವಾಗಿರಲಿಲ್ಲ, ತೊಟ್ಟಿಲು ಇನ್ನೂ ಹೊರಟೇ ಇರಲಿಲ್ಲ.

ನಾನು ಹೋಗಿ ರಾಟೆಯ ಮುಂದೆ ಕೂತು, ಅದರ ಎರಡು ಅರಗಳ ನಡುವೆ ಕೈ ತೂರಿಸಿ, ಚಕ್ರವನ್ನು ಅಪ್ಪಿಕೊಂಡೆ. ಹಾಗೆ ಮಾಡಬೇಕೆಂದು ಯೋಚಿಸಿರಲಿಲ್ಲ.

ಅಪ್ಪ, "ಏಳು" ಎಂದ. ನಾನು ಏಳಲಿಲ್ಲ.

ಅವನ ಮುಖ ಕೆಂಪಾಯಿತು. ಆದರೆ ಅವನೂ ನಮ್ಮೂರಿನವನೇ, ನಿಂತು ಮಾತು ಹುಡುಕಿದ. "ನನ್ನ ಕೆಲ್ಸಕ್ಕೆ ಕೈ ಹಾಕ್ಬೇಡ" ಎಂದ. ನಾನು ನನ್ನ ಬೆರಳುಗಳನ್ನು ನೋಡಿಕೊಂಡೆ. ಬಿಸಿಯಾಗಿಯೇ ಇದ್ದವು, ಅಲ್ಲಾಡಿದವು. ಜನ ಹತ್ತಿರ ಬಂದರು.

"ಅಡ್ಡಗಾಲು ಹಾಕ್ಬೇಡ, ದಾಕ್ಷಿ." ಕಾಲಿನ ಹೆಬ್ಬೆರಳು ಮಡಚಿ ನೋಡಿದೆ. ಮಡಚಿತು. ನಿಜ ಹೇಳಬೇಕೆಂದರೆ, ಭಯದ ನಡುವೆಯೂ ನನಗೆ ಕುತೂಹಲ ಹುಟ್ಟಿತ್ತು. ಮುಂದಿನ ಮಾತು ಯಾವುದು, ಅದು ನನ್ನಲ್ಲಿ ಎಲ್ಲಿ ಹಿಡಿಯುತ್ತದೆ ಎಂದು, ಬೇರೆ ಯಾರದೋ ಮೈ ನೋಡುವ ಹಾಗೆ ಕಾಯುತ್ತಿದ್ದೆ.

"ಊರಿನ ಉಸಾಬರಿ ನಿನಗ್ಯಾಕೆ?" ಭುಜ ಜಗ್ಗಲಿಲ್ಲ. "ಅಧಿಕಪ್ರಸಂಗಿ!" ಎಲ್ಲರೂ ಬಿಕ್ಕಳಿಕೆಗಾಗಿ ಕಿವಿಗೊಟ್ಟರು, ಹಗ್ಗದಿಂದ ಹನಿ ಬೀಳುವುದಷ್ಟೇ ಕೇಳಿತು. "ತಂಟೆ ಮಾಡ್ಬೇಡ್ವೇ" ಎಂದ ಕೊನೆಗೆ, ನಾನು ಚಿಕ್ಕವಳಿದ್ದಾಗ ಹಗ್ಗದ ಸುರುಳಿ ಬಿಚ್ಚಿದರೆ ಅನ್ನುತ್ತಿದ್ದ ಮಾತು. ಅದೂ ಹಿಡಿಯಲಿಲ್ಲ. ಅಪ್ಪ ಬಾಯಿ ತೆರೆದ, ಇನ್ನೊಂದು ಮಾತು ಸಿಗದೆ ಹಾಗೇ ನಿಂತ. "ಅಡ್ಡ ಬಂದಿದೀಯ" ಎಂದ ಮೆಲ್ಲಗೆ. ಅದು ಬೈಗುಳವೋ ಪ್ರಶ್ನೆಯೋ ತಿಳಿಯಲಿಲ್ಲ.

ಹಿಂದಿನಿಂದ ಮುರಿಗೆಮ್ಮ ಮೂಗು ಕಟ್ಟಿದ ದನಿಯಲ್ಲಿ ಹೇಳಿದಳು: "ಬಂದಿಲ್ಲ ಕಣಪ್ಪಾ. ಅಡ್ಡ ನಿಂತಿದಾಳೆ. ಬರೋದು ಬೇರೆ, ನಿಲ್ಲೋದು ಬೇರೆ."

ಅಪ್ಪನಿಗೆ ಅದು ಕೇಳಲಿಲ್ಲ. ಯಜಮಾನರಿಗೆ ಕೇಳಿತು. ಅವರು ಪಂಚೆ ಎತ್ತಿಕೊಂಡು ತೊಟ್ಟಿಲಿನಿಂದ ಇಳಿದರು. ಹಿಂದೆಯೇ ಚಂದ್ರಮೌಳಿಯೂ ಇಳಿದ. ಅವರಿಬ್ಬರೂ ಇಳಿದದ್ದನ್ನು ಅಪ್ಪ ನೋಡಿದ. ಹಿಡಿಕೆಯಿಂದ ಕೈ ತೆಗೆದು ನನ್ನ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ಗಂಟೆ ಕೇಳ್ಸಲ್ಲ ಕಣವ್ವಾ. ಮೊದ್ಲು ದೂರ ಹೋಯ್ತು, ಆಮೇಲೆ ಪೂರ್ತಿ ಹೋಯ್ತು. ಹಗ್ಗ ಹೇಳುತ್ತೆ ಅನ್ಕೊಂಡಿದ್ದೆ. ಹಗ್ಗಾನೂ ಹೇಳ್ಲಿಲ್ಲ." ಕಿವಿ ಕೇಳದವರ ಹಾಗೆ ಗಟ್ಟಿಯಾಗಿಯೇ ಹೇಳಿದ. ಊರೆಲ್ಲ ಕೇಳಿಸಿಕೊಂಡಿತು. ಆಮೇಲೆ ಇನ್ನೂ ಗಟ್ಟಿಯಾಗಿ, "ಬಿಟ್ಟೆ" ಎಂದ. ಮುರಿಗೆಮ್ಮನ ಕಡೆ ತಿರುಗಿ, "ನಿನ್ನನ್ನೂ ಬಿಟ್ಟೆ" ಎಂದ.

ಮುರಿಗೆಮ್ಮ ಜೋರಾಗಿ ಉಸಿರೆಳೆದುಕೊಂಡು, "ಅಯ್ಯೋ ಶಿವನೆ, ಏನು ನಾತ ಈ ರಾಟೆ ಗ್ರೀಸಿಂದು!" ಎಂದಳು. ಕೆಲವರು ನಕ್ಕರು.

ನನ್ನ ಬಾಯಿ ಬಿಟ್ಟುಕೊಂಡಿತ್ತು. ಮೊದಲು ಯಜಮಾನರಿಗೆ ಹೇಳಿದೆ: "ಸಣ್ಣೀರಪ್ಪ ಗಂಟೆ ಬಾರಿಸಿದ್ದ. ಬಿಡದೆ ಬಾರಿಸಿದ್ದ. ನಾನು ಕೇಳಿದೆ." ಆಮೇಲೆ ಅಪ್ಪನಿಗೆ ಹೇಳತೊಡಗಿದೆ. ಬೇಸಿಗೆಯಿಂದ ಒಳಗೆ ಕೂಡಿಟ್ಟದ್ದೆಲ್ಲ ಬಂತು. ಅವನ ಕಿವಿಯ ಬಗ್ಗೆ, ನನ್ನ ಹೆದರಿಕೆಯ ಬಗ್ಗೆ, ಗಂಟೆಗೆ ಎದ್ದು ನಿಲ್ಲುತ್ತಿದ್ದದ್ದು ಅವನಿಗೆ ಗೊತ್ತಿತ್ತೇ ಎಂಬ ಬಗ್ಗೆ. ಅವನು ನನ್ನ ತುಟಿ ನೋಡುತ್ತಿದ್ದ. ನಾನು ಅಳುತ್ತಿದ್ದುದರಿಂದ ತುಟಿಯೂ ಅವನಿಗೆ ಅರ್ಥವಾಗುತ್ತಿರಲಿಲ್ಲ. "ಏನು?" ಎಂದ. ಇನ್ನೊಮ್ಮೆ ಹೇಳಿದೆ. "ಏನವ್ವಾ?" ಎಂದ. ಆಮೇಲೆ ಎಡಗೈ ಚಾಚಿ, ಹಗ್ಗದ ಮೇಲಿಡುತ್ತಿದ್ದ ಹಾಗೆ, ಅಂಗೈಯನ್ನು ನನ್ನ ದವಡೆಯ ಕೆಳಗೆ ಇಟ್ಟ. "ಈಗ ಹೇಳು" ಎಂದ. ನಾನು ಹೇಳಿದೆ. ಎಷ್ಟು ತಿಳಿಯಿತೋ ಗೊತ್ತಿಲ್ಲ, ಮುಗಿಯುವವರೆಗೆ ಕೈ ತೆಗೆಯಲಿಲ್ಲ.

ಸಣ್ಣೀರಪ್ಪ ಗಂಟೆಯ ಹತ್ತಿರವೇ ಉಳಿದ. ರಾಟೆ ನನಗೆ ಬಂತು. ಹೆಂಗಸು ರಾಟೆ ತಿರುಗಿಸುವುದೇ ಎಂದು ಒಬ್ಬಿಬ್ಬರು ಶುರುಮಾಡಿದರು. ಮುರಿಗೆಮ್ಮ ಮಾತು ಹುಡುಕುತ್ತಾ ಅವರ ಕಡೆ ತಿರುಗಿದ್ದು ನೋಡಿ ನಿಲ್ಲಿಸಿದರು.

ಅಪ್ಪ ಮಾತ್ರ ಹೊಸ ಮನುಷ್ಯನಾದ. ಕೆಲಸವಿಲ್ಲ, ಕೈಕಾಲು ಗಟ್ಟಿಯಿದೆ, ಯಾರ ಮಾತೂ ಅವನನ್ನು ಹಿಡಿಯುವುದಿಲ್ಲ. ಬೆಳಿಗ್ಗೆ ಎದ್ದು ಊರು ಸುತ್ತಲು ಹೊರಡುತ್ತಿದ್ದ. ಯಾರದೋ ಅಂಗಳದ ತುಳಸಿಗೆ ನೀರು ಹೆಚ್ಚಾಯಿತೆಂದು ಮಣ್ಣು ಬಗೆದ. ಇನ್ನೊಬ್ಬರ ಮನೆಯಲ್ಲಿ ಮಗು ಅಳುತ್ತಿದ್ದರೆ ತಾಯಿಯ ಕೈಯಿಂದ ಎತ್ತಿಕೊಂಡು ಹೊರಗೆ ತಂದ. ಜನ ತಕ್ಕ ಮಾತನ್ನೇ ಹೇಳಿ ನೋಡಿದರು, ಕೂಗಿ ನೋಡಿದರು, ಸ್ಲೇಟಿನ ಮೇಲೆ ಬರೆದೂ ತೋರಿಸಿದರು. ಅವನು ಓದಿ, ಅಕ್ಷರ ಚೆನ್ನಾಗಿದೆಯೆಂದು ತಲೆಯಾಡಿಸಿ, ತನ್ನ ಕೆಲಸ ಮುಂದುವರಿಸಿದ. "ನಿಮ್ಮಪ್ಪನ್ನ ಕಟ್ಟಿಹಾಕಮ್ಮಾ, ನನ್ನ ಸಾರಿಗೆ ತಾನೇ ಉಪ್ಪು ಹಾಕಿ ಹೋಗಿದಾನೆ" ಎಂದು ಮುರಿಗೆಮ್ಮ ದೂರು ತಂದಳು. ಉಪ್ಪು ಸರಿಯಾಗಿತ್ತೇ ಎಂದು ಕೇಳಿದೆ. ಅವಳು ಸೆರಗು ಕೊಡವಿಕೊಂಡು ಹೋದಳು. ಆದರೆ ಒಬ್ಬೊಬ್ಬರ ಮನೆಯಲ್ಲಿ, ಅವನು ಬರುವ ಹೊತ್ತಿಗೆ ಬಾಗಿಲು ತೆರೆದಿಡುವುದನ್ನೂ ನಾನು ನೋಡಿದೆ. ಎಷ್ಟೋ ವರ್ಷಗಳಿಂದ ಕರೆಯದೆ ಯಾರೂ ಒಳಗೆ ಬರದಿದ್ದ ಮನೆಗಳು ಅವು.

ಚಂದ್ರಮೌಳಿಯ ಭುಜ ಕೂಡಿಕೊಂಡಿತು. ಹೊಸ ಪೆಟ್ಟಿಗೆ ಬಂತು. ಅವನು ಸಂಜೆ ಮೊದಲಿಗಿಂತ ಬೇಗ ಬಂದು ರಾಟೆಯ ಪಕ್ಕ ಕೂರುತ್ತಿದ್ದ. ಎರಡು ಸಲ ತೊಟ್ಟಿಲು ಬೇರೆಯವರಿಗೆ ಬಿಟ್ಟುಕೊಟ್ಟು ಮೂರನೆಯದಕ್ಕೆ ಹತ್ತುತ್ತಿದ್ದ. ಹಸುಗಳ ಕಥೆಗಳು ಉದ್ದವಾಗಿದ್ದವು. ಅವನು ಏನೋ ಕೇಳಲು ಬಾಯಿ ತೆರೆದು, ಎಮ್ಮೆಯ ಕೆಚ್ಚಲಿನ ಕಡೆಗೆ ಮಾತು ತಿರುಗಿಸುವುದನ್ನು ನಾನು ಗಮನಿಸಿದ್ದೆ. ನಾನೂ ಕೇಳಲಿಲ್ಲ. ಅವನನ್ನು ಏನೆಂದು ಕೇಳುವುದು? ಊರಿನವರೂ ನೋಡಿ ನೋಡಿ ಸುಮ್ಮನಿದ್ದರು. ತಮ್ಮ ಮೂಗು ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಇತ್ತು.

ಒಂದು ಭಾನುವಾರ ಅಪ್ಪ ಒಗೆದ ಪಂಚೆಯುಟ್ಟು, ಹೆಗಲ ಮೇಲೆ ಮಡಿಸಿದ ಶಲ್ಯ ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದು ತೊಟ್ಟಿಲು ಹತ್ತಿದ. ಆಚೆಗೆ ಹೋಗಬೇಕೆಂದು ಕೈ ಬೀಸಿದ. ಸಣ್ಣೀರಪ್ಪನನ್ನು ಮಾತಾಡಿಸಲು ಹೊರಟಿದ್ದಾನೆಂದು ಹಿಡಿಕೆ ತಿರುಗಿಸಿದೆ. ತೊಟ್ಟಿಲು ದಡ ಬಿಟ್ಟಿತು. ಮುರಿಗೆಮ್ಮ ತನ್ನ ಹಿತ್ತಿಲಿನಿಂದ, "ಎಲ್ಲಿಗೆ ಸವಾರಿ?" ಎಂದು ಕೈಸನ್ನೆ ಮಾಡಿ ಕೇಳಿದಳು. ಅಪ್ಪ ಕೊರಕಲಿನ ಮೇಲಿನಿಂದ ಎರಡೂ ಗುಡ್ಡಗಳಿಗೆ ಕೇಳುವ ಹಾಗೆ ಉತ್ತರ ಕೊಟ್ಟ.

"ಆ ಕಾಂಪೌಂಡರ್ ಹುಡುಗನ್ನ ಕೇಳ್ಕೊಂಡು ಬರ್ತೀನಿ! ನಮ್ಮ ದಾಕ್ಷೀನ ಮಾಡ್ಕೋತಾನಾ ಅಂತ! ಇವರಿಬ್ರೂ ಹಿಂಗೇ ಕೂತಿರ್ತಾರೆ, ನಾನು ಸತ್ರೂ ಒಬ್ರಿಗೊಬ್ರು ಹೇಳ್ಕೊಳಲ್ಲ!"

ಎರಡೂ ದಡದಲ್ಲಿ ಜನ ಮನೆಯಿಂದ ಹೊರಗೆ ಬಂದರು. ನನ್ನ ಮುಖಕ್ಕೆ ಬೆಂಕಿ ಬಿದ್ದ ಹಾಗಾಯಿತು. "ಅಪ್ಪಾ! ತಲೆ ಹಾಕ್ಬೇಡ! ನನ್ನ ವಿಷಯಕ್ಕೆ ತಲೆ ಹಾಕ್ಬೇಡ!" ಎಂದು ಕೂಗಿದೆ. ಉಸಾಬರಿ ಎಂದೆ, ಅಧಿಕಪ್ರಸಂಗ ಎಂದೆ, ಕಿತಾಪತಿ ಎಂದೆ, ಬಾಯಿಗೆ ಬಂದದ್ದೆಲ್ಲ ಎಂದೆ. ಅವನು ನನ್ನ ಕಡೆ ನೋಡಿ, ನಾನು ಏನೋ ಒಳ್ಳೆಯದು ಹೇಳುತ್ತಿದ್ದೇನೆಂಬಂತೆ ಬಾಳೆಹಣ್ಣಿನ ಚಿಪ್ಪು ಎತ್ತಿ ತೋರಿಸಿದ.

ಹಿಡಿಕೆ ನನ್ನ ಕೈಯಲ್ಲೇ ಇತ್ತು. ನಿಲ್ಲಿಸಿದ್ದರೆ ತೊಟ್ಟಿಲು ಅಲ್ಲೇ, ನಡುವಿನಲ್ಲಿ ನಿಲ್ಲುತ್ತಿತ್ತು. ಉಲ್ಟಾ ತಿರುಗಿಸಿದ್ದರೆ ಅಪ್ಪ ಹಣ್ಣಿನ ಸಮೇತ ವಾಪಸು ಬರುತ್ತಿದ್ದ. ಮುರಿಗೆಮ್ಮ ಹತ್ತಿರ ಬಂದು, ಸೆರಗಿನಿಂದ ನಗು ಮುಚ್ಚಿಕೊಂಡು, ನನ್ನ ಬಾಯಿ ನೋಡದೆ ಈ ಸಲ ನನ್ನ ಕೈ ನೋಡುತ್ತಾ ನಿಂತಳು.

ನಾನು ಇನ್ನೂ ಕೂಗುತ್ತಲೇ ಇದ್ದೆ. ಕೂಗುತ್ತಾ, ಹಗ್ಗ ಕುಲುಕದ ಹಾಗೆ, ಅಪ್ಪ ತೊಟ್ಟಿಲಿನಲ್ಲಿ ಬೀಳದ ಹಾಗೆ, ಎಚ್ಚರದಿಂದ ಹಿಡಿಕೆ ತಿರುಗಿಸುತ್ತಿದ್ದೆ. ತೊಟ್ಟಿಲು ಬಂಡೆಯ ಮರೆಗೆ ಹೋಯಿತು.